ಅರವತ್ತನೇ ಹಂತದ ಮನೆ

ತಿಮ್ಮಾಪುರದ ಹಾಲೇಶ ಕುರಿ ಕಾಯುತ್ತಲೇ ಆನ್‌ಲೈನ್ ಆಟವೊಂದರ ಅರವತ್ತನೇ ಹಂತ ಮುಟ್ಟಿದವನು. ಅದರ ಮೇಲೆ ಹಂತವಿಲ್ಲ. ಜೊತೆಗೆ ಆಡುತ್ತಿದ್ದವರು ನಾಲ್ಕು ದಿನ ಮೆರೆದು, ಬೇಸರ ಬಂದು, ಬೇರೆ ಆಟ ಹಿಡಿದರು. ಇವನು ಬಿಡಲಿಲ್ಲ. ಮುಗಿದ ಆಟವನ್ನು ಮತ್ತೇನು ಆಡುವುದೆಂದು ಊರವರು ನಗುತ್ತಿದ್ದರು. ಇನ್ನೂರು ಕುರಿಯ ಒಡೆಯನೂ ಬೆಳಗಾದರೆ ಕೋಲು ಹಿಡಿದು ಅಡವಿಗೆ ಹೊರಡುತ್ತಾನಲ್ಲ, ಅದಕ್ಕೆ ಮಾತ್ರ ಯಾರೂ ನಗುವುದಿಲ್ಲ.

ಹಾಲೇಶ ಆಟ ಬಿಡದಿರಲು ಕಾರಣ ಬೇರೆಯೇ ಇತ್ತು. ಆ ಆಟದೊಳಗೆ ಅವನಿಗೊಂದು ಮನೆಯಿತ್ತು, ಮನೆಯಲ್ಲಿ ರೇಷ್ಮಾ ಇದ್ದಳು.

ರೇಷ್ಮಾ ಅವನ ಹೆಂಡತಿ. ಕುರಿಯ ಹಿಂದೆ ತಿರುಗುವವನಿಗೆ ಸಂಸಾರ ಮಾಡಲು ದಿನಗಳೆಲ್ಲಿ? ಅವನು ಅಡವಿಯಲ್ಲಿ, ಅವಳು ಊರಲ್ಲಿ ಕೂತು ಒಂದೇ ಆಟಕ್ಕಿಳಿದರು. ಕೂಡಿಯೇ ಕೊನೆಯ ಹಂತ ಮುಟ್ಟಿದರು. ಅಲ್ಲಿಗೆ ತಲುಪಿದ ಜೋಡಿಗಷ್ಟೇ ಮನೆ ಕಟ್ಟಲು ಜಾಗ ಸಿಗುತ್ತಿತ್ತು. ಬಾಗಿಲು ಯಾವ ದಿಕ್ಕಿಗಿರಬೇಕೆಂದು ಒಂದು ವಾರ ಜಗಳವಾಡಿದರು. ಅವಳೇ ಗೆದ್ದಳು.

ಎರಡು ವರ್ಷದ ಹಿಂದೆ ಡೆಂಗಿ ಜ್ವರ ಅವಳನ್ನು ನಾಲ್ಕೇ ದಿನದಲ್ಲಿ ಮುಗಿಸಿತು. ಸುದ್ದಿ ತಡವಾಗಿ ಮುಟ್ಟಿ ಹಾಲೇಶ ಊರಿಗೆ ಬಂದಾಗ ಮಣ್ಣು ಮಾಡಿ ಆಗಿತ್ತು. ಅವನು ಅಳಲಿಲ್ಲ. ಮೊಬೈಲು ತೆಗೆದು ಆ ಮನೆಗೆ ಹೋದ. ಅವಳು ಕೊನೆಯ ಸಲ ಆಟ ನಿಲ್ಲಿಸಿದ ಜಾಗದಲ್ಲೇ, ಕೆಂಪು ಉಡುಪಿನ ರೇಷ್ಮಾ ಹೊಸ್ತಿಲ ಮೇಲೆ ಕೂತಿದ್ದಳು. ಅವಳ ಪಾಸ್‌ವರ್ಡ್ ಅವಳ ಜೊತೆಗೇ ಹೋಗಿತ್ತು. ಇಬ್ಬರಲ್ಲಿ ಒಬ್ಬರಾದರೂ ವಾರಕ್ಕೊಮ್ಮೆ ಒಳಗೆ ಕಾಲಿಡದಿದ್ದರೆ ಮನೆ ತಾನಾಗಿ ಬೀಳುತ್ತದೆ ಎಂಬುದು ಆಟದ ನಿಯಮ. ಎರಡು ವರ್ಷದಲ್ಲಿ ಅವನು ಒಂದು ವಾರವೂ ತಪ್ಪಿಸಲಿಲ್ಲ.

ಈ ಸಲ ಸುತ್ತಲಿನ ಹೊಲವನ್ನೆಲ್ಲ ಕಬ್ಬು ನುಂಗಿದ್ದರಿಂದ ಮೇವಿಗಾಗಿ ಬೀಳಗಿ ಕಡೆಯ ಗುಡ್ಡಕ್ಕೆ ಹೋಗಬೇಕಾಯಿತು. ಅಲ್ಲಿ ನೆಟ್‌ವರ್ಕ್ ಇಲ್ಲ. ದೂರ ಹೊರಟ ಕುರುಬರು ನಡೆಯಲಾರದ ಕುರಿಗಳನ್ನು ನಂಬಿಗಸ್ತರ ಕುರಿದಡ್ಡಿಯಲ್ಲಿ ಬಿಟ್ಟು ಹೋಗುತ್ತಾರೆ. ಮನಸ್ಸಾದಾಗ ಬಂದು, ಹೇಳದೆ ಕೇಳದೆ ನೋಡಿ ಹೋಗುತ್ತಾರೆ. ಹಾಲೇಶನೂ ಹಾಗೆಯೇ ತನ್ನ ಪಾಸ್‌ವರ್ಡನ್ನು ಚಿಕ್ಕಪ್ಪನ ಮಗ ಮಹಾಲಿಂಗನಿಗೆ ಒಪ್ಪಿಸಿದ. ಮಹಾಲಿಂಗ ಬಾಡಗಂಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು. ಕಾರ್ಖಾನೆ ಮುಂದೆ ಸರದಿಯಲ್ಲಿ ಕೂತು ದಿನವೂ ಆ ಮನೆಗೆ ಹೋಗಿ ಬಂದ.

ತಾಳಲಾರದೆ ಹೋದವನು ಹಾಲೇಶನೇ. ಇಪ್ಪತ್ತನೇ ದಿನ ಮಧ್ಯಾಹ್ನ ಗುಡ್ಡದ ನೆತ್ತಿ ಹತ್ತಿದ. ಎರಡು ಗೆರೆ ಸಿಗ್ನಲ್ ಬಂತು. ತನ್ನ ಕುರಿಯನ್ನು ತಾನು ನೋಡಲು ಯಾರ ಅಪ್ಪಣೆ ಬೇಕು? ಒಳಗೆ ಹೋದ. ಅದೇ ಹೊತ್ತಿಗೆ ಮಹಾಲಿಂಗನೂ ಒಳಗಿದ್ದ. ಒಬ್ಬರ ಖಾತೆಯಲ್ಲಿ ಇನ್ನೊಬ್ಬರು ಆಡಬಾರದಂತೆ. ಇಂಗ್ಲಿಷಿನಲ್ಲಿ ಹತ್ತು ಪುಟ ಬರೆದಿಟ್ಟರೆ ಓದುವವರಾರು? ಎರಡು ಕಡೆಯಿಂದ ಇಬ್ಬರು ಬಂದದ್ದನ್ನು ಕಂಡ ಕಂಪನಿ ಖಾತೆಯನ್ನು ಕಾಯಮ್ಮಾಗಿ ಮುಚ್ಚಿತು. ಹಾಲೇಶನಿಗೆ ಕೆಂಪು ಉಡುಪಿನ ಅಂಚು ಕಂಡದ್ದಷ್ಟೇ.

ಮರುದಿನ ಮಹಾಲಿಂಗ ಬೈಕು ಹತ್ತಿ ಗುಡ್ಡಕ್ಕೆ ಬಂದ. ಬಿಟ್ಟುಹೋದ ಕುರಿ ಸತ್ತರೆ ಕಾದವನು ಒಡೆಯನ ಗುರುತು ಹಾಕಿದ ಅದರ ಕಿವಿ ಕೊಯ್ದು ತಂದು ಒಡೆಯನಿಗೆ ತೋರಿಸಬೇಕು, ಮಾರಿಲ್ಲ ತಿಂದಿಲ್ಲ ಎಂದು. ಮಹಾಲಿಂಗ ಖಾತೆ ಮುಚ್ಚಿದೆ ಎಂಬ ಬರಹವಿದ್ದ ಮೊಬೈಲನ್ನು ಎರಡೂ ಕೈಯಲ್ಲಿ ಹಾಗೆಯೇ ಚಾಚಿ ತಲೆ ತಗ್ಗಿಸಿ ನಿಂತ.

"ಖರೇನ ನಾ ಏನೂ ಮಾಡಿಲ್ಲಣ್ಣ," ಎಂದ.

"ಗೊತ್ತೈತಿ ತಮ್ಮಾ. ಮಾಡಿದಾಂವ ನಾನ."

ಹಾಲೇಶ, ಮನೆ ಬೀಳಲು ಇನ್ನೆಷ್ಟು ದಿನ ಎಂದು ಕೇಳಿದ. ಮಹಾಲಿಂಗ ಬೆರಳು ಮಡಚಿ ಎಣಿಸಿ, ಆರು ದಿನ ಎಂದ.

"ಆರು ದಿನ ಅಕಿ ಒಬ್ಬಾಕಿನ ಬಾಗಲದಾಗ ಕುಂದರ್ತಾಳಲ್ಲೋ," ಎಂದ ಹಾಲೇಶ. ಎರಡು ವರ್ಷದ ಹಿಂದೆ ಅಳಬೇಕಾಗಿದ್ದ ಅಳುವನ್ನು ಅವನು ಆಗ ಅತ್ತ.