ಎರಡೂ ಕಡೆ ಎಲೆ ಹಿಡಿದ ಅಧ್ಯಕ್ಷೆ

ನಿಮ್ಮೂರಿನ ಅಧ್ಯಕ್ಷರ ಬುದ್ಧಿ ಮೊದಲಿನಂತೆ ನಡೆಯುತ್ತಿಲ್ಲ ಎಂಬ ಅನುಮಾನ ಬಂದರೆ, ನೀವು ಅದನ್ನು ಯಾರಿಗೆ ಹೇಳುತ್ತೀರಿ?

ಬಹುಪಾಲು ಜನ ಯಾರಿಗೂ ಹೇಳುವುದಿಲ್ಲ. ವಿರೋಧಿಗಳು ಸಭೆಯಲ್ಲಿ ಹೇಳುತ್ತಾರೆ, ಅದು ಬೈಗುಳವಾಗುತ್ತದೆ. ಬೆಂಬಲಿಗರು ನುಂಗಿಕೊಳ್ಳುತ್ತಾರೆ, ಅದು ನಿಷ್ಠೆ ಎನಿಸಿಕೊಳ್ಳುತ್ತದೆ. ಇವೆರಡರ ನಡುವೆ ರೋಗಿಯೊಬ್ಬಳು ಇರುತ್ತಾಳೆ. ನಮ್ಮ ಮನೆಯಲ್ಲಿ ಆ ರೋಗಿ ನನ್ನ ಅವ್ವ.

ಅವ್ವನ ಹೆಸರು ನೀಲಮ್ಮ. ಜೇವರ್ಗಿ ತಾಲೂಕಿನಲ್ಲಿ, ಇಜೇರಿಯ ಆಚೆಗಿನ ಒಂದು ಊರಿನ ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿದ್ದಳು. ನಾನು ಆಳಂದದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ, ವಿದ್ಯಾರ್ಥಿಗಳನ್ನು ಚರ್ಚಾಸ್ಪರ್ಧೆಗಳಿಗೆ ಸಿದ್ಧಪಡಿಸುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಅವ್ವನ ತಮ್ಮ ಬಸಣ್ಣ ಮಾಮಾ ಅಫಜಲಪುರದ ಕಡೆಯ ಮಣ್ಣೂರಿನಿಂದ ಬಂದು ನಮ್ಮ ಹೊಲ, ಮನೆ ನೋಡಿಕೊಳ್ಳುತ್ತಿದ್ದಾನೆ. ಅವ್ವನನ್ನು ಚುನಾವಣೆಗೆ ನಿಲ್ಲಿಸಿ ಗೆಲ್ಲಿಸಿದವನೂ ಅವನೇ.

ನಮ್ಮೂರಿನ ಅಗಸಿಯಲ್ಲಿ, ಎಂದರೆ ಊರ ಬಾಗಿಲಿನ ಕಟ್ಟೆಯ ಮೇಲೆ, ಈಗಲೂ ಸಣ್ಣಪುಟ್ಟ ನ್ಯಾಯ ನಡೆಯುತ್ತದೆ. ಅಲ್ಲಿ ಅವ್ವನದೇ ಒಂದು ಕ್ರಮವಿತ್ತು. ಒಬ್ಬರ ಮಾತು ಮುಗಿದ ಮೇಲೆ ಆ ಮಾತನ್ನು ತಾನು ಮತ್ತೊಮ್ಮೆ, ಅವರಿಗಿಂತ ಅಚ್ಚುಕಟ್ಟಾಗಿ ಹೇಳುತ್ತಿದ್ದಳು. “ಇದೇ ಅಲ್ಲೇನಪಾ ನೀ ಅಂದದ್ದು?” ಎಂದು ಕೇಳುತ್ತಿದ್ದಳು. ಅವರು ಹೌದೆಂದ ಮೇಲೆಯೇ ಎದುರು ಪಕ್ಷದ ಕಡೆ ಮುಖ ತಿರುಗಿಸುತ್ತಿದ್ದಳು.

ಒಮ್ಮೆ ಅಣ್ಣತಮ್ಮಂದಿರ ಹೊಲದ ಬದುವಿನ ತಕರಾರು ಬಂದಿತ್ತು. ಅವ್ವ ಅಣ್ಣನ ಮಾತನ್ನು ಕೇಳಿಸಿಕೊಂಡಳು. ನಂತರ ತಮ್ಮನ ಕಡೆ ತಿರುಗಿ, ಅಣ್ಣ ಹೇಳಿದ್ದನ್ನೆಲ್ಲ ತಮ್ಮನ ಮಾತೆಂಬಂತೆ ಹೇಳಿ, “ಇದೇ ಅಲ್ಲೇನಪಾ ನೀ ಅಂದದ್ದು?” ಎಂದಳು.

ತಮ್ಮ ತಿರುಗಿ ಅಣ್ಣನ ಮುಖ ನೋಡಿದ. ಸುತ್ತಲಿದ್ದವರು ನಕ್ಕರು.

“ನೀಲಕ್ಕನ ಚಾಲಾಕಿ ನೋಡ್ರಿ. ಅಣ್ಣನ ಮಾತು ತಮ್ಮನ ಬಾಯಾಗ ಇಟ್ಲು. ಈಗ ಇಂವಗ ಅಂವನ ತಕಲೀಫ್ ತಿಳೀತದ,” ಎಂದು ಯಾರೋ ಅಂದರು.

ಅಣ್ಣತಮ್ಮಂದಿರು ಅಂದೇ ರಾಜಿಯಾದರು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಈಗ ಹಿಂತಿರುಗಿ ನೋಡಿದರೆ, ಪ್ರತಿ ಲಕ್ಷಣಕ್ಕೂ ಊರು ರಾಜಕೀಯದ ಒಂದು ಅರ್ಥವನ್ನು ಹುಡುಕಿಕೊಂಡಿತ್ತು. ಸಭೆಯಲ್ಲಿ ಕೇಳಿದ್ದಕ್ಕೆ ಉತ್ತರಿಸದೆ ಕುಳಿತರೆ, ಅಧ್ಯಕ್ಷರು ತೂಕ ಮಾಡುತ್ತಿದ್ದಾರೆ ಎಂದುಕೊಂಡರು. ಪರಿಚಿತರ ಹೆಸರು ಮರೆತರೆ, ಬೇಕೆಂದೇ ಕಡೆಗಣಿಸಿದಳು ಎಂದುಕೊಂಡರು. ಎಂದೂ ಏರು ದನಿಯಲ್ಲಿ ಮಾತನಾಡದವಳು ಗುಮಾಸ್ತನನ್ನು ಹೊಲಸು ಮಾತಿನಲ್ಲಿ ಬೈದಾಗ, ಕುರ್ಚಿಯ ಸೊಕ್ಕು ಎಂದರು. ಬೆಳಗಿನ ಲಿಂಗಪೂಜೆ ಮುಗಿಸಿ ಎದ್ದವಳು ಮರಳಿ ಪೂಜೆಗೆ ಕುಳಿತುಕೊಳ್ಳುವುದನ್ನು ಮನೆಯಲ್ಲಿ ನಾವು ಭಕ್ತಿ ಎಂದೆವು. ನಾಯಕರ ನಡವಳಿಕೆಯಲ್ಲಿ ಉದ್ದೇಶ ಹುಡುಕುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಉದ್ದೇಶವೇ ಇಲ್ಲದ ನಡವಳಿಕೆಯೂ ಇರಬಹುದೆಂದು ಹೊಳೆಯುವುದಿಲ್ಲ.

ಹೊಳೆಯುವಂತೆ ಮಾಡಿದ್ದು ನೀರಿನ ಟ್ಯಾಂಕು.

ಊರಿಗೆ ಹೊಸ ಟ್ಯಾಂಕು ಮಂಜೂರಾಗಿತ್ತು. ಕೆಳಗೇರಿಯ ಜನ ಬೇಸಿಗೆಯಲ್ಲಿ ಹೊಲದ ಬೋರಿನಿಂದ ನೀರು ಹೊರುತ್ತಾರೆ. ಟ್ಯಾಂಕು ಅವರಲ್ಲಿಯೇ ಆಗಬೇಕೆಂದು ಆ ಕೇರಿಯ ಗಂಗಮ್ಮ, ಪಂಚಾಯಿತಿಯ ಉಪಾಧ್ಯಕ್ಷೆ, ಬಹಳ ಕಾಲದಿಂದ ಕೇಳುತ್ತಿದ್ದಳು. ನಮ್ಮೂರಿನಲ್ಲಿ ಮಾತು ಕೊಡುವುದೆಂದರೆ ಎಲೆ ಅಡಿಕೆ ಹಿಡಿಯುವುದು. ಕೇಳುವವರು ಕೊಡುತ್ತಾರೆ; ಒಪ್ಪಿದವರು ನಾಲ್ಕು ಜನರ ಎದುರು ಅದನ್ನು ಕೈಯಲ್ಲಿ ಹಿಡಿಯುತ್ತಾರೆ. ಅವ್ವ ಗಂಗಮ್ಮನ ಕೈಯಿಂದ ಎಲೆ ಹಿಡಿದಳು. ಕೆಲವು ದಿನಗಳ ನಂತರ ಮೇಲಿನ ಓಣಿಯ ಮಾಜಿ ಅಧ್ಯಕ್ಷ ಶರಣಗೌಡರು ತಮ್ಮ ಓಣಿಗೆ ಟ್ಯಾಂಕು ಕೇಳಲು ಬಂದರು. ಅವ್ವ ಅವರ ಎಲೆಯನ್ನೂ ಹಿಡಿದಳು.

ಎರಡೂ ಕಡೆ ಜನ ಗುದ್ದಲಿ ಹಿಡಿದು ಗುಂಡಿ ತೋಡಲು ನಿಂತರು. ಪೊಲೀಸರು ಬಂದರು. ಮರುದಿನದ ಸಭೆಯಲ್ಲಿ ಶರಣಗೌಡರು ಎದ್ದು ನಿಂತು, “ಅಧ್ಯಕ್ಷರ ತಲಿ ಠಿಕಾಣಿದಾಗಿಲ್ರಿ. ದವಾಖಾನಿಗಿ ತೋರಸ್ರಿ,” ಎಂದರು.

ನಮ್ಮವರು ಕುರ್ಚಿ ಎತ್ತಿದರು. ಹೆಣ್ಣುಮಗಳಿಗೆ ಮಾಡಿದ ಅವಮಾನವೆಂದು ರಸ್ತೆ ತಡೆಯಲು ಹೊರಟರು. ಅವಮಾನವೂ ಹೌದು. ಆದರೆ ಅವಮಾನಿಸುವ ಮಾತು ಸುಳ್ಳೇ ಆಗಿರಬೇಕೆಂದೇನೂ ಇಲ್ಲ. ಆಡಿದವರ ಉದ್ದೇಶ ಕೆಟ್ಟದ್ದೆಂದ ಮಾತ್ರಕ್ಕೆ ಮಾತು ಬಿದ್ದುಹೋಗುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ಕಲಿಸುವವಳು ನಾನು. ಆ ವಾರವೇ ಅವ್ವನನ್ನು ಕಲಬುರಗಿಗೆ, ನ್ಯೂರಾಲಜಿಸ್ಟ್ ಬಳಿಗೆ ಕರೆದೊಯ್ದೆ.

ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಮೆಮರಿ ಟೆಸ್ಟ್ ಎಂದು ಕೆಲವು ಪ್ರಶ್ನೆ ಕೇಳಿದರು.

“ಅಮ್ಮಾ, ಈಗ ಮುಖ್ಯಮಂತ್ರಿ ಯಾರಿದ್ದಾರ?”

“ಇಂಥಾ ಸವಾಲು ಕೇಳಬ್ಯಾಡ್ರಿ ಡಾಕ್ಟ್ರೇ,” ಎಂದಳು ಅವ್ವ. “ಮುಂಜಾನಿ ಒಬ್ಬ ಇರ್ತಾನ, ಸಂಜೀಕ ಇನ್ನೊಬ್ಬ. ನೀವು ಯಾವ ಟೈಮಿಂದು ಕೇಳಾಕತ್ತೀರಿ?”

ಡಾಕ್ಟರು ನಕ್ಕರು. ನರ್ಸ್ ನಕ್ಕರು. ಜೊತೆಗೆ ಬಂದಿದ್ದ ಮಾಮಾ ತೊಡೆ ತಟ್ಟಿಕೊಂಡು ನಕ್ಕ. ನಗು ನಿಂತ ಮೇಲೆ ಡಾಕ್ಟರು ಮೃದುವಾಗಿ, “ಹೆಸರು ಹೇಳ್ರಿ ಅಮ್ಮಾ,” ಎಂದರು.

ಅವ್ವ ನನ್ನ ಮುಖ ನೋಡಿದಳು.

ಎಂಆರ್‌ಐ ಆಯಿತು. ಥೈರಾಯ್ಡ್, ಬಿ12 ಎಲ್ಲ ಆಯಿತು. ಔಷಧಿಯಿಂದ ವಾಸಿಯಾಗುವ ಕಾರಣವೇನಾದರೂ ಸಿಗಲಿ ಎಂದು ಕಾದೆವು. ಸಿಗಲಿಲ್ಲ. ಡಿಮೆನ್ಷಿಯಾ ಎಂದರು. ಮಾತ್ರೆಯಿಂದ ಸ್ವಲ್ಪ ನಿಧಾನವಾಗಬಹುದು, ಹಿಂದಕ್ಕೆ ಹೋಗುವುದಿಲ್ಲ ಎಂದರು. ಅವ್ವನ ಮಾತುಗಾರಿಕೆ ಇಷ್ಟು ದಿನ ಕಾಯಿಲೆಯನ್ನು ಮುಚ್ಚಿಟ್ಟಿತ್ತು ಎಂದೂ ಹೇಳಿದರು.

ನಾನು ಒಂದೇ ಪ್ರಶ್ನೆ ಕೇಳಿದೆ. ಅಧ್ಯಕ್ಷ ಸ್ಥಾನ ಬಿಡುವ ತೀರ್ಮಾನವನ್ನು ಅವಳೇ ಮಾಡಬಲ್ಲಳೇ?

“ಈಗ ಬಿಡಿಸಿ ಹೇಳಿದರೆ ತಿಳೀತದ, ಮೇಡಂ. ತಮ್ಮ ನಿರ್ಧಾರ ತಾವೇ ಮಾಡ್ತಾರ. ಇನ್ನೊಂದು ವರ್ಷ ಬಿಟ್ಟು ಕೇಳಿದ್ರ ನಾ ಹಿಂಗ ಹೇಳ್ಲಿಕ್ಕಿಲ್ಲ.”

ನನ್ನ ಮುಂದಿದ್ದ ವಿಷಯ ಇಷ್ಟೇ. ಅವ್ವ ಕುರ್ಚಿ ಬಿಡುವುದು ಖಚಿತ. ತಾನಾಗಿ ಬಿಡುತ್ತಾಳೋ, ಅವಿಶ್ವಾಸ ಗೊತ್ತುವಳಿಗೆ ಸಿಕ್ಕಿ, ಹುಚ್ಚಿ ಎಂದು ಕರೆಸಿಕೊಂಡು ಇಳಿಯುತ್ತಾಳೋ ಎಂಬುದು ಮಾತ್ರ ಬಾಕಿ ಇತ್ತು.

ಊರಿಗೆ ಮರಳುವಾಗ, ಜೇವರ್ಗಿ ದಾಟಿದ ಮೇಲೆ ಮಾಮಾ ಮಾತು ತೆಗೆದ. ಭೀಮಾ ಸೇತುವೆ ಹಿಂದೆ ಸರಿದಿತ್ತು. ಹಿಂದಿನ ಸೀಟಿನಲ್ಲಿ ಅವ್ವನಿಗೆ ನಿದ್ದೆ ಹತ್ತಿತ್ತು.

“ಶಶಿ, ಈ ಮಾತು ಕಾರ್‌ನಾಗೇ ಇರ್ಲಿ ನೋಡು.”

“ಹೆಂಗ್ ಇರ್ತದ ಮಾಮಾ?”

“ಅವಧಿ ಮುಗಿಯೂತನಕ ದೂಡಿದ್ರಾಯ್ತು. ನೀ ರಜಾ ಹಾಕಿ ಬಾ. ಬಾಜೂಕ ಕುಂದ್ರು, ಕಿವಿಯಾಗ ಹೇಳು. ಅಕ್ಕ ಹೂಂ ಅಂತಾಳ. ಅಷ್ಟ.”

“ಅಧ್ಯಕ್ಷೆ ಹೆಂಡ್ತಿ ಬಾಜೂಕ ಗಂಡ ಕುಂತ್ರ ತಪ್ಪಂತ ನಾ ಭಾಷಣ ಮಾಡ್ತೇನಿ. ಈಗ ನಾನೇ ಕುಂದರಲೇನು?”

“ನೀ ಮಗಳು ಬೇ. ಅವರು ಗಂಡಸರು.”

“ಆರಿಸಿ ಬಂದಾಕಿ ನಾ ಅಲ್ಲ ಮಾಮಾ.”

“ಹಂಗಾದ್ರ ಕುರ್ಚಿ ಗಂಗಮ್ಮಗ ಹೋಗ್ತದ. ಅದರ ಖಬರ್ ಅದ ಏನು ನಿನಗ?”

ಈ ಮಾತಿನೊಳಗೆ ಅಕ್ಕನ ಮೇಲಿನ ಪ್ರೀತಿ ಎಷ್ಟು, ಕೆಳಗೇರಿಯ ಹೆಂಗಸು ಅಧ್ಯಕ್ಷೆಯಾಗಬಾರದೆಂಬ ಹಟ ಎಷ್ಟು ಎಂದು ನಾನು ಅಳೆಯಲು ಹೋಗಲಿಲ್ಲ. ಬಹುಶಃ ಮಾಮಾನಿಗೂ ಗೊತ್ತಿರಲಿಲ್ಲ. ಜಾತಿಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ ಶರಣರ ಹೆಸರನ್ನು ನಮ್ಮ ಮನೆಯಲ್ಲಿ ದಿನಾ ನೆನೆಯುತ್ತೇವೆ. ನೆನೆಯುವುದು ಸುಲಭ.

ಅವ್ವನಿಗೆ ನಾನೇ ಹೇಳಿದೆ. ಬೆಳಗಿನ ಹೊತ್ತು ಅವಳ ಮನಸ್ಸು ತಿಳಿಯಾಗಿರುತ್ತದೆ. ಪೂಜೆ ಮುಗಿಸಿ ಜೋಳದ ಹಿಟ್ಟು ನಾದುತ್ತಿದ್ದಳು. ಕಾಯಿಲೆಯ ಹೆಸರು ಹೇಳಿದೆ. ಮುಂದೇನಾಗುತ್ತದೆ ಎಂಬುದನ್ನೂ ಹೇಳಿದೆ. ಅವಳು ನಾದುತ್ತಲೇ ಕೇಳಿಸಿಕೊಂಡಳು. ಟ್ಯಾಂಕಿನ ಸಂಗತಿ ಹೇಳಿದಾಗ ಕೈ ನಿಂತಿತು.

“ಎರಡೂ ಕಡಿಗಿ ಎಲಿ ಹಿಡದೇನಿ ಏನು ನಾ?”

“ಹೂಂ ಅವ್ವಾ.”

“ಸುಳ್ಳು ಹೇಳಬ್ಯಾಡ.”

“ಸುಳ್ಳಲ್ಲ.”

ಹಿಟ್ಟಿನ ಕೈಯನ್ನು ಬಹಳ ಹೊತ್ತು ತೊಳೆದಳು. ಮರೆವು ಬರುತ್ತದೆಂದಾಗ ಅವಳು ಅಳಲಿಲ್ಲ. ತಾನು ಎರಡು ನಾಲಿಗೆಯವಳಾದೆ ಎಂದು ಅತ್ತಳು.

“ಅಗಸ್ಯಾಗ ಮಂದೀಗಿ ಕೂಡಸು,” ಎಂದಳು. “ಎಲಿ ಹೊಳ್ಳಿ ಕೊಡ್ತೇನಿ.”

ಕೊಟ್ಟ ಮಾತಿನಿಂದ ಹಿಂದೆ ಸರಿಯಬೇಕಾದವರು ಹೊಸ ಎಲೆ ತಂದು, ಅದೇ ಜನರ ಎದುರು ಮರಳಿ ಕೊಡಬೇಕು. ಇದು ಅಪರೂಪ, ಏಕೆಂದರೆ ಇದರಲ್ಲಿ ನಾಚಿಕೆಯಿದೆ. ಅಂದು ಸಂಜೆ ಅಗಸಿಯಲ್ಲಿ ಅವ್ವ ಶರಣಗೌಡರಿಗೆ ಎಲೆ ಮರಳಿಸಿ, “ಕೆಳಗೇರಿಗೆ ಮೊದಲು ಮಾತು ಕೊಟ್ಟಿದ್ದೆ. ಟ್ಯಾಂಕು ಅವರದ,” ಎಂದಳು. ಶರಣಗೌಡರು ಅವಳ ಮುಖ ನೋಡದೆ ತೆಗೆದುಕೊಂಡರು. ಆಮೇಲೆ ಇನ್ನೊಂದು ಎಲೆಯನ್ನು ಗಂಗಮ್ಮನ ಕೈಗಿಟ್ಟಳು.

“ಇದು ಕುರ್ಚಿದು, ಊರು ನನಗ ಕೊಟ್ಟದ್ದು. ನನಗ ಬ್ಯಾನಿ ಬಂದದ. ನೆನಪು ಹೋಗಾಕತ್ತದ. ಮಂದಿ ಮಾತು ತಲ್ಯಾಗ ನಿಂದರವಲ್ದು. ಮಾತು ನಿಂದರಲಾರದಾಕಿ ನ್ಯಾಯ ಹೇಳಬಾರದು.”

ಮರುದಿನ ಅಸಿಸ್ಟಂಟ್ ಕಮಿಷನರ್ ಕಚೇರಿಗೆ ಹೋಗಿ ರಾಜೀನಾಮೆ ಕೊಟ್ಟಳು. ಓದಿಸಿ, ಅರ್ಥ ಮಾಡಿಕೊಂಡು, ತಾನೇ ಸಹಿ ಮಾಡಿದಳು. ಅಲ್ಲಿಗೆ ಮುಗಿಯಿತೆಂದು ನಾನು ಭಾವಿಸಿದೆ.

ಮುಗಿದಿರಲಿಲ್ಲ.

ರಾಜೀನಾಮೆ ಕೊಟ್ಟ ಕೂಡಲೇ ಜಾರಿಯಾಗುವುದಿಲ್ಲ. ಹಿಂಪಡೆಯಲು ಕಾನೂನು ಕೆಲವು ದಿನಗಳ ಅವಕಾಶ ಕೊಡುತ್ತದೆ. ಆ ದಿನಗಳಲ್ಲೇ ಒಂದು ಬೆಳಿಗ್ಗೆ ಅವ್ವ ಇಸ್ತ್ರಿ ಸೀರೆ ಉಟ್ಟು, ಪಂಚಾಯಿತಿಗೆ ಹೊರಟು ನಿಂತಳು. ರಾಜೀನಾಮೆ ಕೊಟ್ಟಿದ್ದೀಯ ಎಂದೆ. ನನ್ನನ್ನು ಕಳ್ಳಿಯನ್ನು ನೋಡುವಂತೆ ನೋಡಿದಳು.

“ಯಾರು ಕೊಟ್ಟಾರ? ನನ್ನ ಕುರ್ಚಿ ನನಗ ಕೇಳದಽ ಯಾರು ಕೊಟ್ಟಾರ?”

ಮಾಮಾನ ಕೈಯಲ್ಲಿ ರಾಜೀನಾಮೆ ಹಿಂಪಡೆಯುವ ಅರ್ಜಿ ಸಿದ್ಧವಾಗಿತ್ತು. “ನೋಡ್ಬೇ ಶಶಿ, ಅಕ್ಕನೇ ಬ್ಯಾಡ ಅಂತಾಳ. ನಿನ್ನ ಡೆಮಾಕ್ರಸಿ ಏನ್ ಹೇಳ್ತದ ಈಗ?”

ಎಲೆ ಮರಳಿಸಿದವಳೂ ಅವ್ವ, ಈಗ ಕುರ್ಚಿ ಕೇಳುತ್ತಿರುವವಳೂ ಅವ್ವ. ತಿಳಿದು ನಿರ್ಧರಿಸಿದವಳ ಮಾತನ್ನು ನಾನು ಎತ್ತಿಹಿಡಿಯಬಹುದು. ಆದರೆ ಎದುರಿಗೆ ನಿಂತವಳ ಮಾತನ್ನು ಯಾವ ಅಧಿಕಾರದಿಂದ ತಳ್ಳಿಹಾಕಲಿ? ಅವಳ ಪರವಾಗಿ ನಾನು ತೀರ್ಮಾನಿಸಿದರೆ, ಪಕ್ಕದಲ್ಲಿ ಕುಳಿತು ಕಿವಿಯಲ್ಲಿ ಹೇಳುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಸಾಕ್ಷಿ ಹೇಳಲೆಂದು ಗಂಗಮ್ಮನನ್ನು ಕರೆಸಿದೆ. ಅವಳು ಬಂದು ನೆಲದ ಮೇಲೆ ಕೂರಲು ಹೋದಾಗ ಅವ್ವ ಗದರಿ ಮಂಚದ ಮೇಲೆ ಕೂರಿಸಿದಳು. ಆ ರೂಢಿ ಅವಳಿಗೆ ಮರೆತಿರಲಿಲ್ಲ.

“ಅಕ್ಕಾ, ಎಲಿ ಹೊಳ್ಳಿ ಕೊಟ್ಟೀರಿ. ನನ್ನ ಕೈಯಾಗೇ ಕೊಟ್ಟೀರಿ,” ಎಂದಳು ಗಂಗಮ್ಮ.

ಅವ್ವ ಅವಳ ಕಡೆ ತಿರುಗಿದಳು. “ನಾ ಬಿಟ್ರ ಕುರ್ಚಿ ಯಾರಿಗಿ?”

“ನನಗರಿ.”

“ಹಂಗಾದ್ರ ನಿನ್ನ ಸಾಕ್ಷಿ ನಡ್ಯಂಗಿಲ್ಲ ತಂಗಿ. ಲಾಭ ಇದ್ದವರ ಸಾಕ್ಷಿ ನಾ ಎಂದೂ ಹಿಡದಿಲ್ಲ.”

ಗಂಗಮ್ಮ ಬೇಸರ ಮಾಡಿಕೊಳ್ಳಲಿಲ್ಲ. “ಖರೇ ಅದ ಅಕ್ಕಾ,” ಎಂದಳು.

ಅವ್ವ ನನ್ನನ್ನು ಕೇಳಲಿಲ್ಲ. ಬಾಗಿಲ ಬಳಿ ಅರ್ಜಿ ಹಿಡಿದು ನಿಂತಿದ್ದ ತಮ್ಮನ ಕಡೆ ತಿರುಗಿದಳು.

“ಬಸ್ಯಾ, ನಾ ಕುರ್ಚಿ ಬಿಡೂದು ನಿನಗ ಬೇಕಾಗ್ಯದೇನು?”

“ಇಲ್ಲಕ್ಕಾ.”

“ಅಗಸ್ಯಾಗ ನೀ ಇದ್ದೇನು?”

ಮಾಮಾ ಕೈಯಲ್ಲಿದ್ದ ಅರ್ಜಿ ನೋಡಿದ. ಇರಲಿಲ್ಲ ಎಂದಿದ್ದರೆ ಆಗುತ್ತಿತ್ತು. ಅವಳು ನಂಬುತ್ತಿದ್ದಳು. ನಾನು ಎಷ್ಟು ವಾದಿಸಿದರೂ ಅವನನ್ನೇ ನಂಬುತ್ತಿದ್ದಳು.

“ನಿನಗಽ ಕೇಳಾಕತ್ತೇನಿ ಲೇ.”

“ಇದ್ದೆ ಅಕ್ಕಾ.”

“ಎಲಿ ಕೊಟ್ಟೆನಾ?”

“ಕೊಟ್ಟಿ.”

“ಯಾರರೆ ಕೈ ಹಿಡದು ಕೊಡಿಸಿದ್ರಾ?”

“ಇಲ್ಲ. ನೀನಽ ಕೊಟ್ಟಿ.” ಮಾಮಾ ಅರ್ಜಿಯನ್ನು ನಾಲ್ಕಾಗಿ ಮಡಿಸಿದ. “ಬ್ಯಾಡ ಅಂತ ನಾ ಹಿಂದಿಂದ ಸೆರಗು ಜಗ್ಗಿದೆ. ಕೊಸರಿಕೊಂಡು ಕೊಟ್ಟಿ.”

ಅವ್ವ ತಲೆಯಾಡಿಸಿದಳು. “ನನಗ ನೆನಪಿಲ್ಲ. ಆದ್ರ ಕೊಟ್ಟಿದ್ರ, ಕೊಟ್ಟೇನಿ.”

ಒಳಗೆ ಹೋಗಿ ಸೀರೆ ಬದಲಿಸಿ ಬಂದಳು.

ಇದೆಲ್ಲ ನಡೆದು ಬಹಳ ದಿನವೇನೂ ಆಗಿಲ್ಲ. ರಾಜೀನಾಮೆ ಜಾರಿಯಾಯಿತು; ಅಧ್ಯಕ್ಷ ಸ್ಥಾನದ ಪ್ರಭಾರ ಈಗ ಗಂಗಮ್ಮನದು. ಟ್ಯಾಂಕಿನ ಕಂಬಗಳು ಕೆಳಗೇರಿಯಲ್ಲಿ ಎದ್ದಿವೆ. ಅವ್ವ ಒಮ್ಮೊಮ್ಮೆ ಕಚೇರಿಗೆ ಹೊರಡುತ್ತಾಳೆ. ಮಾಮಾ ಜೊತೆಗೆ ನಡೆದು, ದಾರಿಯಲ್ಲಿ ಅದೂ ಇದೂ ಮಾತನಾಡಿಸಿ, ಹೊಲದ ಕಡೆ ಕರೆದೊಯ್ಯುತ್ತಾನೆ. ಶನಿವಾರ ನಾನು ಆಳಂದದಿಂದ ಬರುತ್ತೇನೆ. ಕೆಲವು ಸಲ ನನ್ನ ಹೆಸರು ತಡವಾಗಿ ಬರುತ್ತದೆ. ಮುಂದೆ ಬಾರದೆಯೂ ಹೋಗಬಹುದು. ಶರಣಗೌಡರು ಒಂದು ದಿನ ಮನೆಗೆ ಬಂದು ಚಹಾ ಕುಡಿದು ಹೋದರು. ಸಭೆಯಲ್ಲಿ ಆಡಿದ ಮಾತಿನ ಬಗ್ಗೆ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಮಗೆ ಸಿಕ್ಕದ್ದು ಅವಳ ಮನಸ್ಸು ತಿಳಿಯಾಗಿದ್ದ ಸ್ವಲ್ಪ ಕಾಲಾವಕಾಶ. ಅದನ್ನು ಅವ್ವ ತಾನೇ ಬಳಸಿಕೊಂಡಳು. ಅದಕ್ಕೆ ನಾನು ಕೃತಜ್ಞಳು, ಅಷ್ಟಕ್ಕೆ ಮಾತ್ರ. ಮರೆವು ಬಂದವರೆಲ್ಲ ಅಂದೇ ಅಧಿಕಾರ ಬಿಡಬೇಕೆಂದು ನಾನು ವಾದಿಸುವುದಿಲ್ಲ. ಕಾಲಿಲ್ಲದವರು, ಕಣ್ಣಿಲ್ಲದವರು ಚೆನ್ನಾಗಿಯೇ ಆಡಳಿತ ನಡೆಸಬಲ್ಲರು. ಎರಡು ಕಡೆಯ ಮಾತನ್ನು ಮನಸ್ಸಿನಲ್ಲಿ ಹಿಡಿದಿಟ್ಟು ತೂಗುವ ಶಕ್ತಿ ಇದೆಯೇ ಎಂಬುದೇ ಪ್ರಶ್ನೆ. ಆ ಪ್ರಶ್ನೆಯನ್ನು ಬೈಗುಳವಾಗದಂತೆ ಕೇಳುವ ಜಾಗ ನಮ್ಮ ವ್ಯವಸ್ಥೆಯಲ್ಲಿ ಎಲ್ಲಿಯೂ ಇಲ್ಲ. ಪಂಚಾಯಿತಿಯಲ್ಲೂ ಇಲ್ಲ, ಅದಕ್ಕಿಂತ ದೊಡ್ಡ ಕುರ್ಚಿಗಳಿಗೂ ಇಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ನೀವು ಆರಿಸಿದವರಲ್ಲಿ ಯಾರ ಬಗೆಗಾದರೂ ಇಂಥ ಅನುಮಾನ ನಿಮಗಿದ್ದರೆ, ಈ ವಾರ ಅವರ ಮನೆಗೆ ಹೋಗಿ. ಮನೆಯವರಲ್ಲಿ ಒಬ್ಬರನ್ನು ಪಕ್ಕಕ್ಕೆ ಕರೆದು, ನೀವು ಕಂಡದ್ದನ್ನು ಕಂಡಷ್ಟೇ ಹೇಳಿ. ಡಾಕ್ಟರ ಬಳಿ ಕರೆದುಕೊಂಡು ಹೋಗಲು ಹೇಳಿ.