ಕಿಲಾರಿ ದೊಡ್ಡಪಾಲಯ್ಯನ ಉಳಿದ ಕಣ್ಣು

ನನ್ನಿವಾಳದ ಶಾಲೆಗೆ ವರ್ಗವಾಗಿ ಬಂದ ಮೊದಲ ದಿನವೇ ದೊಡ್ಡಪಾಲಯ್ಯ ನನ್ನನ್ನು ಗದರಿಸಿದ್ದ. ದೇವರ ದನಗಳ ಮಂದೆ ದಾರಿಗೆ ಅಡ್ಡವಾಗಿತ್ತು. ನಾನು ಸೈಕಲ್ ತಳ್ಳುತ್ತ ನಡುವೆ ನುಗ್ಗಿದೆ.

“ಯಾವೂರ ಮೇಷ್ಟ್ರಿ ನೀವು? ದೇವರ ಮಂದೆ ಐತೆ. ಕೆರ ಕೈಯಾಗೆ ಹಿಡ್ಕಳ್ರಿ!”

ಚಪ್ಪಲಿ ಕೈಗೆತ್ತಿಕೊಂಡೆ. ಅವನು ನಕ್ಕ. ಎಡಗಣ್ಣು ಹೋರಿಯ ತಿವಿತಕ್ಕೆ ಹೋಗಿತ್ತು. ಬಲಗಣ್ಣೊಂದರಿಂದಲೇ ಇನ್ನೂರು ದನಗಳನ್ನು ಗುರುತು ಹಿಡಿಯುತ್ತಿದ್ದ. ಆ ಮಂದೆ ಕಾಯುವ ಕಿಲಾರಿ ಮನೆಯಲ್ಲಿ ಮಲಗುವಂತಿಲ್ಲ. ಕಡೆಯ ತನಕ ಮಂದೆಯಲ್ಲೇ ಇರಬೇಕೆಂಬುದೊಂದೇ ಅವನ ಆಸೆ.

ನಾನು ನಿವೃತ್ತನಾದ ಮೇಲೆ ಉಳಿದ ಆ ಬಲಗಣ್ಣಿಗೂ ಪೊರೆ ಬಂತು. ಪಟ್ಟಣಕ್ಕೆ ಕರೆದೊಯ್ದು ಶಸ್ತ್ರಚಿಕಿತ್ಸೆ ಮಾಡಿಸಿದೆ. ವೈದ್ಯೆ ಪುಷ್ಪಲತಾ ಬಿಡಿಸಿ ಹೇಳಿದರು: “ಒಳಗಿಟ್ಟ ಮಸೂರದ ಹಿಂದೆ ತೆಳುವಾದ ಚೀಲ ಉಳಿದಿರುತ್ತೆ, ತಾತ. ಅದು ಮಸುಕಾಗದಿರಲಿ ಅಂತಲೇ ಚೌಕ ಅಂಚಿನ ಮಸೂರ ಹಾಕಿದ್ದೀನಿ. ಆದರೂ ಕೆಲವರಿಗೆ ಮಂಜು ಕಟ್ಟುತ್ತೆ. ಕಟ್ಟಿದರೆ ಬನ್ನಿ, ಲೇಸರ್ ಬೆಳಕು ಹಾಯಿಸಿ ಐದು ನಿಮಿಷದಲ್ಲಿ ತೆಗೀತೀನಿ.”

ಆರು ತಿಂಗಳ ತಪಾಸಣೆಗೆ ಕರೆದರೆ, “ಮಂದೇನ ನಿಮ್ಮ ಡಾಕ್ಟ್ರಮ್ಮ ಕಾಯ್ತಾಳೇನ್ರಿ?” ಎಂದ. ನಾನೂ ಒತ್ತಾಯಿಸಲಿಲ್ಲ.

ಎರಡನೆಯ ವರ್ಷ ಮಂಜು ಕಟ್ಟಿತು. ಅವನು ಯಾರಿಗೂ ಹೇಳಲಿಲ್ಲ. ಊರ ಹಿರಿಯ ದೊಡ್ಡೀರಪ್ಪನಿಗೆ ಅನುಮಾನ ಬಂದು, ಎಲ್ಲರೆದುರು ಒಂದು ದನವನ್ನು ನಿಲ್ಲಿಸಿ ಕೇಳಿದ: “ಇದ್ಯಾವುದಲೇ ಕಿಲಾರಿ?”

“ಬಿಳೇ ಹೋರಿ.”

ಅದು ತುಂಬು ಗಬ್ಬದ ಹಸು.

“ಹೋರಿಗೆ ಗಬ್ಬ ಕಟ್ಟಿಸ್ದೆಯಲ್ಲಲೇ! ಅಮಾಸೆಗೆ ಕೋಲು ಕೆಳಗಿಡು.” ನೆರೆದವರೆಲ್ಲ ನಕ್ಕರು.

ಆಸ್ಪತ್ರೆಗೆ ಹೋದರೆ ಕುರುಡೆಂದು ತಾನೇ ಒಪ್ಪಿದಂತಾಗುತ್ತದೆಂದು ಅವನು ಹೋಗಲಿಲ್ಲ. ದನದ ಕಣ್ಣಿಗೆ ಬಿಳುಪು ಬಂದಾಗ ಹರಳುಪ್ಪು, ಹೊಗೆಸೊಪ್ಪು ಜಗಿದು ಊದುವುದು ಕಿಲಾರಿಗಳ ಕ್ರಮ. ಎಷ್ಟೋ ಕರುಗಳು ಅದರಿಂದ ವಾಸಿಯಾದದ್ದನ್ನು ಅವನು ಕಂಡಿದ್ದ. ತನ್ನ ಕಣ್ಣಿಗೆ ತಾನೇ ಊದಿಕೊಳ್ಳುವುದು ಹೇಗೆ? ತಮ್ಮನ ಮಗ ಮಾರುತೇಶನನ್ನು ಕೂರಿಸಿಕೊಂಡ. ಕಿಲಾರಿತನದ ಕೋಲು ಮುಂದೆ ಬರಬೇಕಾದದ್ದು ಮಾರುತೇಶನಿಗೇ.

“ಉರೀತೈತೇನು ದೊಡ್ಡಪ್ಪ?”

“ಉರೀಲಿ, ಊದಲೇ. ಪೊರೆ ಸುಡ್ತೈತೆ.”

ಮೂರು ದಿನ ಬೆಳಗ್ಗೆ ಮಾರುತೇಶ ಊದಿದ. ನಾಲ್ಕನೆಯ ದಿನ ಕಣ್ಣು ಕೀವುಗಟ್ಟಿತು. ನನಗೆ ಸುದ್ದಿ ಮುಟ್ಟಿ, ಆಸ್ಪತ್ರೆ ಸೇರಿಸುವಷ್ಟರಲ್ಲಿ ವಾರ ಕಳೆದಿತ್ತು.

“ಮಂಜು ಇದ್ದದ್ದು ಮಸೂರದ ಹಿಂದೆ, ಮೇಷ್ಟ್ರೇ. ಇವರು ಕಣ್ಣಿನ ಮುಂದಿನ ಗಾಜಿನಂಥ ಪದರವನ್ನೇ ಸುಟ್ಟುಕೊಂಡಿದ್ದಾರೆ. ಕೀವು ಒಳಗೂ ಇಳಿದಿದೆ,” ಎಂದರು ಪುಷ್ಪಲತಾ.

“ಐದು ನಿಮಿಷ ಅಂದಿದ್ರಲ್ಲವ್ವ?” ಎಂದು ದೊಡ್ಡಪಾಲಯ್ಯ ಕೇಳಿದ.

ಅವರು ಕೈಗವಸು ಬಿಚ್ಚಿದರು.

ಅಮಾವಾಸ್ಯೆಯಂದು ಕೋಲು ಮಾರುತೇಶನಿಗೆ ಹೋಯಿತು. ಈಗ ದೊಡ್ಡಪಾಲಯ್ಯ ಸೊಸೆ ಚಿನ್ನಕ್ಕನ ಪಡಸಾಲೆಯಲ್ಲಿ ಕೂತು ಬಿತ್ತನೆಯ ಶೇಂಗಾ ಸುಲಿಯುತ್ತಾನೆ. ಹೋದ ವಾರ ನಾನು ಹೋದಾಗ, ಒಳ್ಳೆಯ ಬೀಜದಲ್ಲಿ ಕೊಳೆತವು ಬೆರೆತಿವೆಯೆಂದು ಅವಳು ಮೊರವನ್ನೇ ಅವನ ಮುಂದೆ ಬೋರಲು ಹಾಕಿದಳು.

“ಇಷ್ಟೂ ಆಗಲ್ವಾ ನಿಂಗೆ?”

ಅವನು ನೆಲ ತಡವಿ, ಒಂದೊಂದೇ ಬೀಜವನ್ನು ಮೂಗಿಗೆ ಹಿಡಿದು ಮೂಸಿ, ಬೇರೆ ಮಾಡತೊಡಗಿದ.