ಮೇಲಿನಿಂದಷ್ಟೇ ನೋಡಿದ ಹೊಟ್ಟೆ

ಕ್ರಿನಾಳ ಹೊಟ್ಟೆ ಉಬ್ಬತೊಡಗಿದ್ದನ್ನು ಮೊದಲು ಕಂಡವರು ಸಿಗಡಿ ಸುಲಿಯುವ ಶೆಡ್ಡಿನ ಹೆಂಗಸರು. ಡಚ್ ನಾಡಿನ ಝೀಲಂಡ್ ಪ್ರಾಂತ್ಯದ ನಮ್ಮ ಬಂದರಿನಲ್ಲಿ ಮದುವೆಯಾಗದ ಐವತ್ತೆಂಟರ ಹೆಂಗಸನ್ನು ಸುಮ್ಮನೆ ಬಿಟ್ಟಾರೆಯೇ?

“ಏನೇ ಕ್ರಿನಾ, ಪಾದ್ರಿಗಳಿಗೆ ಹೇಳಿದೀಯೋ ಇಲ್ವೋ?”

“ಹೇಳಿದೀನಿ ಕಣೇ. ಗಂಡಾದ್ರೆ ನಿನ್ನ ಗಂಡನ ಹೆಸರೇ ಇಡೋಕೆ ಹೇಳಿದ್ರು,” ಎಂದಳು ಕ್ರಿನಾ, ಸುಲಿಯುವ ಕೈ ನಿಲ್ಲಿಸದೆ.

ಬಾಯಿ ಜೋರು, ಮೈ ಮಾತ್ರ ಬೀಗ ಹಾಕಿದ ಮನೆ. ಭಾನುವಾರ ಎರಡು ಹೊತ್ತೂ ಚರ್ಚು, ವರ್ಷವಿಡೀ ಕಪ್ಪು ಕಾಲುಚೀಲ. ಗಂಡಸರೆದುರು ಮೊಣಕಾಲು ತೋರಿಸಿದವಳಲ್ಲ.

ಊರ ಡಾಕ್ಟರು ಪ್ಯಾರಸಿಟಮಾಲ್ ಕೊಟ್ಟು ಕಾದು ನೋಡೋಣ ಎಂದರು. ನಮ್ಮಲ್ಲಿ ಎಲ್ಲ ಕಾಯಿಲೆಗೂ ಮೊದಲ ಮದ್ದು ಅದೇ. ಚಳಿಗಾಲವಿಡೀ ಕಾದಳು. ಲಂಗದ ಕೊಕ್ಕೆ ಹಾಕಲಾಗದೆ ಹೋದಾಗ ತಂಗಿ ಲೌರಿನಾ ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಪಕ್ಕದ ಮನೆಯವನಾದ ನಾನು ಕಾರು ಓಡಿಸಿದೆ.

ಆಮೇಲೆ ಲೌರಿನಾ ಹೇಳಿದ್ದಿಷ್ಟು. ಅಲ್ಲಿನ ಯುವ ವೈದ್ಯ ಬಹಳ ಮರ್ಯಾದಸ್ಥ. ಅಂಡಾಶಯದಲ್ಲಿ ಗಡ್ಡೆ ಇರುವಂತಿದೆ, ಕ್ಯಾನ್ಸರಿನದೋ ಅಲ್ಲವೋ ತಿಳಿಯಬೇಕಾದರೆ ಯೋನಿಯ ಒಳಗಿನಿಂದ ಅಲ್ಟ್ರಾಸೌಂಡ್ ಮಾಡಬೇಕು ಎಂದನಂತೆ. ಕ್ರಿನಾ ಲಂಗವನ್ನು ಎರಡು ಕೈಯಲ್ಲೂ ಬಿಗಿಹಿಡಿದಳು.

“ನಾನು ಮದುವೆ ಆದೋಳಲ್ಲ ಡಾಕ್ಟ್ರೇ. ಮೇಲಿಂದ್ಲೇ ನೋಡಿ.”

“ನಿಮ್ಮ ಇಷ್ಟ.”

ಈ ದೇಶದ ಅತ್ಯಂತ ಸಭ್ಯವಾದ ಮಾತು ಅದು. ಅದರಷ್ಟು ಸೋಮಾರಿಯಾದ ಮಾತನ್ನೂ ನಾನು ಕೇಳಿಲ್ಲ. ಯಾಕಮ್ಮಾ ಬೇಡ ಎಂದು ಕೇಳಬಾರದಿತ್ತೇ? ಹೆಂಗಸೊಬ್ಬರನ್ನು ಕರೆಯಲೇ ಎನ್ನಬಾರದಿತ್ತೇ? ಇಂಥ ಗಡ್ಡೆಗಳನ್ನೇ ದಿನವಿಡೀ ನೋಡುವ ತಜ್ಞೆ ದೊಡ್ಡ ಊರಿನಲ್ಲಿದ್ದಾಳೆ, ಅವಳಲ್ಲಿಗೆ ಕಳಿಸಬಾರದಿತ್ತೇ? ಹೊಟ್ಟೆಯ ಮೇಲೆ ಜೆಲ್ ಸವರಿ ನೋಡಿದ. ಕರುಳಿನ ಗಾಳಿ ಅರ್ಧ ಮರೆಮಾಡಿತ್ತು. ಕಂಡ ಅರ್ಧ ನುಣ್ಣಗಿತ್ತು. ಕಾಣದ ಅರ್ಧವೂ ಹಾಗೇ ಇರುತ್ತದೆಂದು ನಂಬಿ, ಬರೀ ನೀರಿನ ಚೀಲ, ಸಣ್ಣ ತೂತಿನ ಆಪರೇಷನ್ ಸಾಕು ಎಂದುಬಿಟ್ಟ.

ಆಪರೇಷನ್ನಿನಲ್ಲಿ ಎಳೆಯುವಾಗ ಚೀಲ ಹರಿಯಿತು. ಮರೆಯಾಗಿದ್ದ ಬದಿಯಲ್ಲಿ ಚೀಲದ ಒಳಗೋಡೆಗೆ ಹೂಕೋಸಿನಂಥ ಗಂಟು ಬೆಳೆದಿತ್ತು. ಕ್ಯಾನ್ಸರ್. ಇಡಿಯಾಗಿ ಹೊರಬರಬಹುದಾಗಿದ್ದದ್ದು ಹೊಟ್ಟೆಯೊಳಗೆ ಚೆಲ್ಲಿಹೋಯಿತು.

ಆಗ ಕಳಿಸಿದರು, ದೊಡ್ಡ ಊರಿಗೆ. ತಜ್ಞೆ ಕುರ್ಚಿ ಎಳೆದುಕೊಂಡು ಕ್ರಿನಾಳ ಪಕ್ಕ ಕೂತಳು.

“ಯಾವುದು ಕಷ್ಟ ಆಗುತ್ತೆ ಹೇಳಿ ಅಕ್ಕ. ಗುದದ ಕಡೆಯಿಂದಲೂ ನೋಡ್ಬಹುದು. ನಾವಿಬ್ಬರೇ, ಬಾಗಿಲು ಹಾಕ್ತೀನಿ.”

“ಹಾಗೂ ನೋಡಕ್ಕಾಗುತ್ತಾ?” ಎಂದಳು ಕ್ರಿನಾ. “ಆವತ್ತೂ ಆಗ್ತಿತ್ತಾ?”

ತಜ್ಞೆ ಅವಳ ಕೈ ಹಿಡಿದಳು. ಬಾಗಿಲು ಹಾಕಿ ನೋಡಿದಾಗ ಪರದೆಯ ಮೇಲೆ ಹೊಟ್ಟೆಯ ಬೇರೆ ಬೇರೆ ಕಡೆ ಗಂಟುಗಳು ಕಂಡವು.

ಹೊರಗೆ ಲೌರಿನಾ ಅಳುತ್ತಲೇ ಬೈದಳು. “ನಿನ್ನ ನಾಚಿಕೆಗೆ ಬೆಂಕಿ ಬೀಳ!”

“ಯಾಕೆ ಬೇಡ ಅಂತ ಆ ಡಾಕ್ಟ್ರು ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ ಕಣೇ.”

ಮುಂದಿನ ವಾರ ಆ ಯುವ ವೈದ್ಯನೇ ಫೋನು ಮಾಡಿದ. ಕೀಮೋ ಶುರುಮಾಡಬಹುದು, ಗುಣವಾಗುತ್ತದೆಂದು ಹೇಳಲಾರೆ, ತಗೊಳ್ಳುವುದು ಬಿಡುವುದು ನಿಮ್ಮ ಇಷ್ಟ ಎಂದ. ಅಡುಗೆಮನೆಯ ಮೇಜಿನಾಚೆ ಕೂತಿದ್ದ ನನಗೂ ಅವನ ದನಿ ಕೇಳುತ್ತಿತ್ತು.

“ನನ್ನಿಷ್ಟ ಬದುಕೋದು ಕಣಪ್ಪ,” ಎಂದಳು ಕ್ರಿನಾ. “ಅದನ್ನ ನೀನು ಆವತ್ತೇ ಕೇಳ್ಬೇಕಿತ್ತು.”